ಅಂಬಲಿ ಕುಡಿದ ಮೋಟಾರು

ನಾನು ಸಾಲಿ ಬಿಟ್ಟದ್ದು ಫಸಲಿ ೧೩೩೬ನೇ ವರ್ಷ, ಇಂಗ್ಲಿಷ್ ಲೆಕ್ಕಕ್ಕೆ ೧೯೨೭. ನಾಲ್ಕನೇ ಇಯತ್ತೆ ಪಾಸಾಗಿತ್ತು. ಮುಂದಿನದು ಪೂರಾ ಉರ್ದೂದಲ್ಲಿ, ಅದೂ ಚಿತ್ತಾಪುರದಲ್ಲಿ ಯಾರದಾದರೂ ಮನೆಯಲ್ಲಿದ್ದು ಕಲಿಯಬೇಕು. ಅದೇ ವರ್ಷ ನಮ್ಮಪ್ಪ ತೀರಿಕೊಂಡ. ಬಿಟ್ಟೆ. ಬುದ್ಧಿ ಸಾಲದೆ ಬಿಟ್ಟವನಲ್ಲ ಎಂಬ ಮಾತನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಇಲ್ಲಿಯೂ ಹೇಳಿಬಿಟ್ಟೆ ನೋಡಿ.

ಅಪ್ಪ ಹೋದ ಮೇಲೆ ವಾಡಿಯ ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ನಮಗೆ ಅನ್ನ ಹಾಕಿದವನು ಅವ್ವನ ಅಣ್ಣ, ಕೊಡ್ಲಿಯಲ್ಲಿದ್ದ ನನ್ನ ಸೋದರಮಾವ. ರಾಶಿ ಮುಗಿದರೆ ಸಾಕು, ಅವನ ಬಂಡಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಜೋಳ, ತೊಗರಿ, ಒಂದು ಡಬ್ಬಿ ಕುಸುಬಿ ಎಣ್ಣೆ. ಚೀಲ ಇಳಿಸುವಾಗ ಓಣಿಗೆಲ್ಲ ಕೇಳುವಂತೆ, "ನಮ್ಮ ತಂಗಿ ಪಾಲಿನ ಮಾಲು ತಂದೀನಿ," ಅನ್ನುತ್ತಿದ್ದ. ಆ ಹೊಲದಲ್ಲಿ ಅವ್ವನ ಪಾಲೆಂಬುದು ಇರಲೇ ಇಲ್ಲ.

ನಾನು ಕೆಲಸ ಕಲಿತದ್ದು ವಾಡಿ ಸ್ಟೇಷನ್ನಿನ ಹಿಂದೆ, ಒಬ್ಬ ಉಸ್ತಾದರ ತಗಡಿನ ಶೆಡ್ಡಿನಲ್ಲಿ. ಲಾರಿ, ಬಸ್ಸು, ಸಾಹೇಬರ ಮೋಟಾರು, ಯಾವುದು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಮೊದಮೊದಲು ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದೆ. ಮೀಸೆ ಮೂಡುವಷ್ಟೊತ್ತಿಗೆ, ಕಣ್ಣು ಮುಚ್ಚಿ ನಿಂತು ಸಪ್ಪಳ ಕೇಳಿದರೆ ಇಂಜಿನ್ನಿನ ಯಾವ ಹಲ್ಲು ನೋಯುತ್ತಿದೆ ಎಂದು ಹೇಳುವಷ್ಟಾಗಿದ್ದೆ. ಒಂದು ದಿನ ಗಿರಾಕಿಯ ಎದುರಿಗೆ ಉಸ್ತಾದರು, "ಇಂವ ಇನ್ನಾ ಕಚ್ಚಾ ಇದ್ದಾನ್ರಿ, ನಿಮ್ಮ ಗಾಡಿ ನಾನೇ ನೋಡ್ತೀನಿ," ಅಂದರು. ನಾನು ಕೈಲಿದ್ದ, ನಟ್ಟು ತಿರುವುವ ಪಾನಾ ನೆಲದ ಮೇಲಿಟ್ಟು ಹೊರಗೆ ಬಂದೆ. ಕರೆಯಲು ಆಳು ಕಳಿಸಿದರು. ಹೋಗಲಿಲ್ಲ. ಮತ್ತೆ ಕಳಿಸಿದರು. ಆಗಲೂ ಹೋಗಲಿಲ್ಲ.

ಆಮೇಲೆ ಶಹಾಬಾದ, ಭಂಕೂರದ ಕಲ್ಲಿನ ಗಣಿಗಳಲ್ಲಿ ನೀರೆತ್ತುವ ಇಂಜಿನ್ನುಗಳನ್ನು ರಿಪೇರಿ ಮಾಡುತ್ತ ಹೊಟ್ಟೆ ಹೊರೆದೆ. ಹಗಲೆನ್ನದೆ ರಾತ್ರಿಯೆನ್ನದೆ ದುಡಿದೆ. ಕಡೆಗೆ ಒಬ್ಬ ಗಣಿ ಗುತ್ತೇದಾರ ಓಡಿಸಿ ಓಡಿಸಿ ಬೇಸತ್ತಿದ್ದ ಹಳೆಯ ಅಮೆರಿಕಾ ಮೋಟಾರು ನನ್ನದಾಯಿತು. ಗುತ್ತೇದಾರನಿಗಿಂತ ಮುಂಚೆ ಅದು ಎಷ್ಟು ಮಂದಿಯ ಕೈ ದಾಟಿತ್ತೋ ಬಲ್ಲವರಿಲ್ಲ. ತಲೆಯ ಮೇಲೆ ಕ್ಯಾನ್ವಾಸಿನ ಟಪ್ಪು, ಕಟ್ಟಿಗೆಯ ಅರಗಳ ಗಾಲಿ, ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಸುರುವಾಗುವ ಇಂಜಿನ್ನು. ವಾಡಿ ಸ್ಟೇಷನ್ನಿಗೆ ಇಳಿದವರನ್ನು ಚಿತ್ತಾಪುರಕ್ಕೋ ಶಹಾಬಾದಕ್ಕೋ ಸೇಡಮಿಗೋ ಮುಟ್ಟಿಸುವುದು ನನ್ನ ಧಂದೆ. ಹಳೆ ಮೋಟಾರಿನ ಸಂಸಾರ ಮಾಡಿದವರಿಗೆ ಗೊತ್ತು, ಅದು ಒಂದೇ ಸಲಕ್ಕೆ ಪೂರಾ ಕೆಡುವುದಿಲ್ಲ, ಪೂರಾ ನೆಟ್ಟಗೂ ಆಗುವುದಿಲ್ಲ. ಇಂದು ಪ್ಲಗ್ಗು, ನಾಳೆ ಬ್ರೇಕು, ನಾಡಿದ್ದು ಎಣ್ಣೆ ಸೋರಿಕೆ. ಪ್ರತಿ ಸಲ ನಾನೇ ಬಿಚ್ಚಿದೆ, ನಾನೇ ಕೂಡಿಸಿದೆ. ಉಸ್ತಾದರ ಶೆಡ್ಡಿನ ಕಡೆ ಮಾರಿ ಕೂಡ ಹಾಕಲಿಲ್ಲ. ಅವರೂ ಅಷ್ಟೊತ್ತಿಗೆ ಶೆಡ್ಡು ಮುಚ್ಚಿ, ಸ್ವಂತ ಬಸ್ಸು ಮಾಡಿಕೊಂಡು ಚಿತ್ತಾಪುರದಿಂದ ಚಿಂಚೋಳಿಗೆ ಓಡಿಸುತ್ತಿದ್ದರು.

ಜರ್ಮನಿ ಲಡಾಯಿ ಸುರುವಾದ ಮೇಲಿನ ಮೊದಲ ಬೇಸಿಗೆ ಅದು. ಮೋಟಾರಿನ ರೇಡಿಯೇಟರು ಸೋರತೊಡಗಿತು. ಮುಂಭಾಗದಲ್ಲಿ ಜಾಳಿಗೆಯ ಹಾಗೆ ಕಾಣುತ್ತದಲ್ಲ, ಅದು. ಇಂಜಿನ್ನಿನಲ್ಲಿ ಕಾದ ನೀರು ಅದರ ಮೇಲ್ತುದಿಗೆ ಬಂದು, ಒಳಗಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಇಳಿಯುತ್ತ ತಣ್ಣಗಾಗಿ, ಕೆಳಗಿನಿಂದ ತಿರುಗಿ ಇಂಜಿನ್ನಿಗೆ ಹೋಗುತ್ತದೆ. ಬೆಸುಗೆ ಬಿಟ್ಟ ಒಂದು ಜಾಗದಿಂದ ಹನಿ ಹನಿ ಬೀಳುತ್ತಿತ್ತು. ಬಿಚ್ಚಿ ಬೆಸುಗೆ ಹಾಕಬೇಕಾದ ಕೆಲಸ. ಆದರೆ ಲಾರಿ ಓಡಿಸುವವರ ಹತ್ತಿರ ಒಂದು ಉಪಾಯವಿತ್ತು. ನೀರಿನಲ್ಲಿ ಒಂದು ಚಿಟಿಕೆ ಅರಿಷಿಣ, ಒಂದು ಚಿಟಿಕೆ ಹಿಟ್ಟು ಬಿಟ್ಟರೆ ಅದು ಸೋರುವ ಜಾಗಕ್ಕೆ ಹೋಗಿ ಕೂತು ಮುಚ್ಚಿಬಿಡುತ್ತದೆ. ಒಂದೆರಡು ದಿನದ ಮಟ್ಟಿಗೆ ದಾರಿ ಸಾಗಿಸುವ ಮಾತು ಅದು. ಚಿಟಿಕೆಯಿಂದ ಎರಡು ದಿನ ಆದರೆ ಬೊಗಸೆಯಿಂದ ಬೇಸಿಗೆ ಪೂರ್ತಿ ಆಗಬೇಕಲ್ಲ ಎಂದು ನಾನು ಲೆಕ್ಕ ಹಾಕಿದೆ. ನಮ್ಮಲ್ಲಿ ಜೋಳದ ಹಿಟ್ಟಿಗೆ ಏನು ಬರ.

ಅಡಿಗೆ ಮನೆಗೆ ಹೋಗಿ ಕೇಳಿದರೆ ನನ್ನ ಹೆಂಡತಿ ನಕ್ಕಳು.

"ಮೋಟಾರಿಗಿ ರೊಟ್ಟಿ ಬಡೀಲೇನ್ರಿ, ಇಲ್ಲಾ ಬರೇ ಹಿಟ್ಟೇ ತಿಂತದೇನು?"

"ತೂತು ಮುಚ್ಚಲಿಕ್ಕ ಬೇಕು. ನಿನಗ ತಿಳಿಯಂಗಿಲ್ಲ, ಕೊಡು."

"ಬಿಸಿ ನೀರಾಗ ಹಿಟ್ಟು ಹಾಕಿದ್ರ ಅಂಬಲಿ ಆಗ್ತದ ನೋಡ್ರಿ."

"ಅದು ಮೋಟಾರು. ನಿನ್ನ ಗಡಿಗಿ ಅಲ್ಲ."

ಎರಡು ಬೊಗಸೆ ಹಾಕಿದೆ, ಮೇಲೆ ಅರಿಷಿಣ. ಸೋರುವುದು ನಿಂತೇ ಬಿಟ್ಟಿತು. ಸ್ಟೇಷನ್ನಿನ ಮುಂದೆ ಎರಡು ಸುತ್ತು ಹೊಡೆಸಿ, ಚಹಾದಂಗಡಿಯವರಿಗೆಲ್ಲ ಬಾಗಿ ನೋಡಿ ಎಂದು ತೋರಿಸಿದೆ. ನೆಲದ ಮೇಲೆ ಒಂದು ಹನಿಯಿಲ್ಲ.

ಮರುದಿನ ಹೊತ್ತು ಮೂಡುವಾಗ ಮಾವನ ಮಗ ಬಂದು ಬಾಗಿಲಲ್ಲಿ ನಿಂತ. ನನಗಿಂತ ಚಿಕ್ಕವನು, ಮದುವೆಯಾಗದ ಹುಡುಗ. ಕೊಡ್ಲಿಯಿಂದ ಚಿತ್ತಾಪುರಕ್ಕೆ ಯಾರದೋ ಕುದುರೆ ಮೇಲೆ ಬಂದು, ಅಲ್ಲಿಂದ ರೈಲು ಹಿಡಿದಿದ್ದ.

"ಅತ್ತಿ, ಅಪ್ಪಂದು ಭಾಳ ಆಗ್ಯದ. ಮಾತಾಡ್ತಾನ, ಖರೆ ಇಂದು ದಾಟೂದು ಅನುಮಾನ ಅಂತಾರ. ತಂಗಿನ್ನ ಕರೀರಿ ಅಂತ ಒಂದೇ ಸಮ ನಡಸ್ಯಾನ."

ಅವ್ವ ಅಳಲಿಲ್ಲ. ಎದ್ದು, ತಾಮ್ರದ ಚೊಂಬು ಬೆಳಗಿ, ಓಣಿಯ ಅಯ್ಯನವರ ಮನೆಗೆ ಹೋದಳು. ಬರುವಾಗ ಚೊಂಬಿನಲ್ಲಿ ಪಾದೋದಕವಿತ್ತು, ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. ಜಂಗಮರ ಪಾದ ತೊಳೆದ ಆ ನೀರನ್ನೇ ನಮ್ಮಲ್ಲಿ ಹೋಗುವ ಜೀವದ ಬಾಯಿಗೆ ಕಡೆಯದಾಗಿ ಬಿಡುವುದು. ಯಾರು ಬಿಟ್ಟರೂ ನಡೆಯುತ್ತದೆ, ಕೊಡ್ಲಿಯಲ್ಲಿ ಅಯ್ಯನವರಿಗೇನು ಕಡಿಮೆ. ಆದರೆ ಅವ್ವನಿಗೆ ಅಣ್ಣನ ಬಾಯಿಗೆ ತನ್ನ ಕೈಯಿಂದ, ತಾನು ಹೊತ್ತು ತಂದದ್ದನ್ನೇ ಬಿಡಬೇಕಾಗಿತ್ತು. ಅಷ್ಟು ವರ್ಷ ಅವನು ನಮ್ಮ ಮನೆಗೆ ಹೊತ್ತು ತಂದಿದ್ದ. ಇವಳು ಅವನ ಮನೆಗೆ ಹೊತ್ತದ್ದು ಇದೊಂದೇ.

ಮಾವನ ಮಗ, "ಈಗಿನ ರೈಲಿಗಿ ಚಿತ್ತಾಪುರಕ್ಕ ಹೋದ್ರ ಬಸ್ಸು ಸಿಗ್ತದ, ಭಾವಾ," ಅಂದ.

"ಬಾಗಲ ಮುಂದ ಮೋಟಾರು ನಿಂತದ. ಬಸ್ಸಿಗೇನು ಹೋಗ್ತಿ?" ಅಂದೆ ನಾನು.

ಚಿತ್ತಾಪುರದ ತನಕ ಮೋಟಾರು ನೆಟ್ಟಗೆ ಹೋಯಿತು. ಊರ ಹೊರಗೆ ಮೂಗಿನಿಂದ ಸ್ವಲ್ಪ ಹಬೆ ಬಂತು, ಬಿಸಿಲಿನದು ಎಂದುಕೊಂಡೆ. ಕಾಗಿಣಾ ಹೊಳೆಯಲ್ಲಿ ಮೊಣಕಾಲುದ್ದ ನೀರು. ಎತ್ತು ಹೂಡಿಸಿ ಉಸುಕು ದಾಟಿಸಿದೆವು, ರೇಡಿಯೇಟರಿಗೆ ತಣ್ಣನೆಯ ಹೊಳೆ ನೀರು ತುಂಬಿದೆ. ದಂಡೆ ಏರಿ, ಗುಂಡಗುರ್ತಿಯ ದಾರಿ ಹಿಡಿದು ಸ್ವಲ್ಪ ದೂರ ಹೋಗುವುದರಲ್ಲಿ ಮುಂದಿನ ಮುಚ್ಚಳ ಗುಡುಗುಡು ಅನ್ನತೊಡಗಿತು. ನಿಲ್ಲಿಸಿದೆ. ಎರಡೂ ಕಡೆ ಬಿರಿದ ಕರಿ ಹೊಲ, ಕಣ್ಣಿಗೆ ಕಾಣುವ ನೆರಳೆಂದರೆ ಒಂದು ಜಾಲಿ ಗಿಡ. ಅವ್ವನನ್ನು ಅದರ ಕೆಳಗೆ ಕೂಡಿಸಿ ಬಾನೆಟ್ಟು ಎತ್ತಿದೆ.

ಇಂಜಿನ್ನು ಬಿಸಿಯಾಗಲು ಕಾರಣ ಹಲವು. ಕಿಡಿ ತಡವಾಗಿ ಹತ್ತಿದರೆ ಬಿಸಿಯಾಗುತ್ತದೆ. ಹಿಂದಿನ ಮೋಟಾರುಗಳಲ್ಲಿ ಕಿಡಿಯನ್ನು ಹಿಂದೆ ಮುಂದೆ ಮಾಡಲು ಸ್ಟೇರಿಂಗಿನ ಕೆಳಗೆ ಒಂದು ಕಡ್ಡಿ ಇರುತ್ತಿತ್ತು. ಅದರ ಸರಳು ಸಡಿಲಾಗಿದೆ ಎಂದು ಬಿಗಿದೆ. ಸುರು ಮಾಡಿದೆ, ನಾಲ್ಕು ಹೊಲ ದಾಟುವುದರಲ್ಲಿ ಮತ್ತೆ ಗುಡುಗುಡು. ಪಂಖದ ಪಟ್ಟಿ ಜಾರಿದರೂ ಬಿಸಿಯಾಗುತ್ತದೆ. ಪಟ್ಟಿ ಬಿಚ್ಚಿ, ಒಂದು ತೂತು ಒಳಗೆ ಹಾಕಿ ಎಳೆದು ಕಟ್ಟಿದೆ. ಮತ್ತೆ ಅದೇ. ದಾರಿಯಲ್ಲಿ ಹೋಗುತ್ತಿದ್ದ ಕುರುಬನೊಬ್ಬ ಕುರಿ ಬಿಟ್ಟು ನಿಂತ.

"ಜ್ವರ ಬಂದಾವೇನ್ರಿ ಇದಕ್ಕ?"

"ಹೋಗೋ ನಿನ್ನ ಕುರಿ ಕಾಯಿ."

"ನಮ್ಮ ಕುರಿಗಿ ಹಿಂಗ ಆದ್ರ ಕಿವಿ ಕೊಯ್ತೀವ್ರಿ. ಇದರ ಕಿವಿ ಎಲ್ಲ್ಯದ?"

ಮಾವನ ಮಗ ಕೂಡ ನಕ್ಕುಬಿಟ್ಟ, ಆಮೇಲೆ ಅಪ್ಪನ ನೆನಪಾಗಿ ಮಾರಿ ಸಣ್ಣ ಮಾಡಿದ. ನಾನು ಪ್ಲಗ್ಗು ಬಿಚ್ಚುತ್ತ ಕೂತೆ. ಪ್ಲಗ್ಗಿನಲ್ಲಿ ಯಾವ ದೋಷವೂ ಇರಲಿಲ್ಲ. ಇದೆ ಎನ್ನುವ ಹಾಗೆ ಉಜ್ಜಿದೆ.

ಆಗ ಹಿಂದಿನಿಂದ ಧೂಳೆಬ್ಬಿಸುತ್ತ ಉಸ್ತಾದರ ಬಸ್ಸು ಬಂದು ನಿಂತಿತು. ಅವರು ಕೆಳಗಿಳಿಯಲಿಲ್ಲ. ಗೋಣು ಹೊರಹಾಕಿ ಮೂಗೇರಿಸಿ ಗಾಳಿ ಎಳೆದರು.

"ಕ್ಯಾ ಪಕಾರಾ ರೇ ಬೇಟಾ? ಇಂಜಿನ್ಯಾಗ ಏನ್ ಅಡಗಿ ಮಾಡಾಕತ್ತೀದಿ?"

ಬಸ್ಸಿನವರೆಲ್ಲ ಘೊಳ್ಳೆಂದರು.

"ಸ್ಪಾರ್ಕು ಲೇಟಾಗ್ಯದ. ಈಗ ಸರಿ ಆಗ್ತದ. ನೀವು ನಡೀರಿ."

ಉಸ್ತಾದರ ಕಣ್ಣು ಅವ್ವನ ಮೇಲೆ ಬಿತ್ತು. ಮಾರಿಯ ಮೇಲಿನ ನಗೆ ಹೋಯಿತು. "ಸಲಾಂ ಅಮ್ಮಾ. ಇಂಥ ಬಿಸಲಾಗ ಎಲ್ಲಿಗಿ ಹೊಂಟೀರಿ?"

ಮಾವನ ಮಗ ಹೇಳಿದ.

"ಅಲ್ಲೋ, ಹಂಗಾದ್ರ ಇಲ್ಲ್ಯಾಕ ನಿಂತೀರಿ? ಬರ್ರಿ ಅಮ್ಮಾ, ಕುಂದ್ರಿ. ಏ ಪೋರಗೋಳ್ಯಾ, ನೀವಿಬ್ರು ಮ್ಯಾಲ ಏರ್ರಿ, ಅಮ್ಮಗ ಜಾಗ ಬಿಡ್ರಿ. ಹೊತ್ತು ನೆತ್ತಿಗಿ ಬರೂದ್ರಾಗ ಕೊಡ್ಲಿ ಮುಟ್ಟಸ್ತೀನಿ."

ಮುಂದಿನ ಸಾಲಿನ ಇಬ್ಬರು ಹುಡುಗರು ತಕರಾರಿಲ್ಲದೆ ಎದ್ದು ಬಸ್ಸಿನ ನೆತ್ತಿಯ ಮೇಲೆ ಏರಿ ಕೂತರು. ಎರಡು ಜಾಗ ಖಾಲಿಯಾದವು. ಅವ್ವ ಎದ್ದು ನಿಂತಿದ್ದಳು. ಒಂದು ಹೆಜ್ಜೆ ಇಟ್ಟೂ ಆಗಿತ್ತು.

"ಬ್ಯಾಡ್ರಿ," ಅಂದೆ ನಾನು. "ನನ್ನ ಮೋಟಾರು ಇರುವಾಗ ನಮ್ಮವ್ವ ಮಂದಿ ಬಸ್ಸಿನ್ಯಾಗ ಯಾಕ ಹೋಗಬೇಕು? ನಾ ಮುಟ್ಟಸ್ತೀನಿ."

"ಮಂದಿ ಅಂತ ಯಾರಿಗಂತೀಯೋ? ನನಗೇನು?"

"ಕಚ್ಚಾ ಮನಷ್ಯಾನ ಮೋಟಾರು, ಖರೆ. ಹೋದ್ರೂ ಹೋಗ್ತದ."

ಉಸ್ತಾದರು ದನಿ ಇಳಿಸಿದರು. "ಆ ಮಾತು ಇನ್ನಾ ಹೊಟ್ಟ್ಯಾಗ ಇಟಗೊಂಡೀದೇನು? ಬೇಟಾ, ಇದು ಅದರ ಹೊತ್ತಲ್ಲ."

ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹ್ಯಾಂಡಲ್ ಎತ್ತಿಕೊಂಡು ಮೋಟಾರಿನ ಮುಂದೆ ನಿಂತೆ, ಮಾತು ಮುಗಿಯಿತು ಎನ್ನುವ ಹಾಗೆ. ಅವ್ವ ಬಸ್ಸಿನ ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಬಸ್ಸಿನ ಕಿಟಕಿಗಳ ತುಂಬ ಮಾರಿಗಳಿದ್ದವು. ಆ ಮಾರಿಗಳ ಎದುರಿಗೆ ಮಗನನ್ನು ಸಣ್ಣವನನ್ನಾಗಿ ಮಾಡಲು ಅವಳಿಂದ ಆಗಲಿಲ್ಲ. ಇಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಂಡಳು.

"ನನ್ನ ಮಗ ಅದಾನಪ್ಪ. ನೀವು ನಡೀರಿ, ಮಂದಿಗಿ ಹೊತ್ತಾಗ್ತದ."

"ಅತ್ತಿ!" ಅಂದ ಮಾವನ ಮಗ.

"ನೀ ಹೋಗು ಬಸ್ಸಿಗಿ. ಅಣ್ಣನ ಹತ್ರ ಮಗ ಇರಬೇಕು. ನಾ ಹಿಂದಿಂದೇ ಬರ್ತೀನಿ ಅಂತ ಹೇಳು."

ಅವನು ಏರಿದ. ಏರುವಾಗ ನನ್ನನ್ನು ತಿರುಗಿ ನೋಡಿದ. ಬಸ್ಸಿನಲ್ಲಿ ಅವನ ಪಕ್ಕದ ಜಾಗ ಖಾಲಿಯೇ ಹೋಯಿತು.

ಆಮೇಲೆ ನಾನು ಮಾಡಿದ ಕೆಲಸಗಳನ್ನು ಯಾವ ಉಸ್ತಾದ ನೋಡಿದರೂ ತಪ್ಪು ಅನ್ನುತ್ತಿರಲಿಲ್ಲ. ಕಾರ್ಬುರೇಟರು ಬಿಚ್ಚಿ ಊದಿದೆ, ಪೆಟ್ರೋಲು ಕಡಿಮೆ ಬಂದರೂ ಇಂಜಿನ್ನು ಕಾಯುತ್ತದೆ. ಎಣ್ಣೆ ನೋಡಿದೆ. ಹೊಗೆಯ ಕೊಳವೆಯಲ್ಲಿ ಏನಾದರೂ ಸಿಕ್ಕಿದೆಯೇ ಎಂದು ಮಲಗಿ ಬಡಿದು ನೋಡಿದೆ. ಒಂದೊಂದು ಸಲವೂ ಸ್ವಲ್ಪ ದೂರ ಹೋಗುವುದು, ಕುದಿಯುವುದು, ನಿಲ್ಲುವುದು. ಕುದಿದು ಚೆಲ್ಲಿದಷ್ಟು ನೀರು ತುಂಬಬೇಕು. ಹೊಳೆಯಿಂದ ತಂದಿದ್ದ ಡಬ್ಬಿ ಬರಿದಾಯಿತು. ಸುತ್ತ ಎಲ್ಲಿಯೂ ಭಾವಿ ಕಾಣಲಿಲ್ಲ. ಹೊತ್ತು ನೆತ್ತಿಯ ಮೇಲೆ ಬಂದಿತ್ತು.

ನಾನು ಕೇಳಲಿಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಬಾಯಿಬಿಟ್ಟು ಕೇಳಲಿಲ್ಲ ಎಂದು. ಚೊಂಬಿನ ಕಡೆ ನೋಡಿದೆ, ಅಷ್ಟೆ. ಅವ್ವ ಅದನ್ನು ಸೆರಗಿನ ನೆರಳಿನಲ್ಲಿಟ್ಟುಕೊಂಡು ಕೂತಿದ್ದಳು. ಅವಳ ತುಟಿಗಳು ಒಣಗಿ ಬಿರಿದಿದ್ದವು. ಆದರೂ ಅದರಿಂದ ಒಂದು ಗುಟುಕು ಕುಡಿದಿರಲಿಲ್ಲ.

"ಇದು ಹಾಕಿದ್ರ ನಡೀತದೇನು?" ಅಂದಳು.

"ಗುಂಡಗುರ್ತಿ ತನಕ ಹೋದ್ರ ಅಲ್ಲಿ ಭಾವಿ ಸಿಗ್ತದ."

"ಅದನ್ನ ಕೇಳಲಿಲ್ಲ. ನಡೀತದೇನು?"

"ನಡೀತದವ್ವಾ."

ಅರಿವೆಯ ಗಂಟು ತಾನೇ ಬಿಚ್ಚಿದಳು. ಚೊಂಬನ್ನು ಹಣೆಗೆ ಹಚ್ಚಿಕೊಂಡು ನನ್ನ ಕೈಗೆ ಕೊಟ್ಟಳು. ನಾನು ಕಾಲಲ್ಲಿಯ ಜೋಡು ಕೂಡ ತೆಗೆಯದೆ, ಎಣ್ಣೆ ಹತ್ತಿದ ಕೈಯಿಂದ, ಮಾವನ ಬಾಯಿಗೆ ಹೋಗಬೇಕಾಗಿದ್ದ ನೀರನ್ನು ಮೋಟಾರಿನ ಬಾಯಿಗೆ ಸುರಿದೆ.

ಮೋಟಾರು ಒಂದು ದಿಬ್ಬ ಏರಿತು. ಇಳಿಯಲಿಲ್ಲ. ಮುಚ್ಚಳ ಹಾರಿ, ಹಬೆಯ ಜೊತೆಗೆ ಬೂದು ಬಣ್ಣದ್ದೊಂದು ಗಟ್ಟಿ ಪಾಕ ಉಕ್ಕಿ ಬಾನೆಟ್ಟಿನ ಮೇಲೆಲ್ಲ ಇಳಿಯಿತು. ಅವ್ವ ಇಳಿದು ಹತ್ತಿರ ಬಂದಳು. ಬೆರಳಿನಿಂದ ಮುಟ್ಟಿ ಮೂಗಿಗೆ ಹಿಡಿದಳು.

"ಇದು ಅಂಬಲಿ ಅಲ್ಲೇನೋ ತಮ್ಮಾ?"

ಕೆಟ್ಟ ಇಂಜಿನ್ನಿನ ಮುಂದೆ ನಿಂತಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಡೆಯದಾಗಿ ಕೈ ಹಚ್ಚಿದ ಜಾಗ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗಣಿಗಳಲ್ಲಿ ಮಂದಿಗೆ ನಾನೇ ಹೇಳುತ್ತಿದ್ದೆ, ನಿನ್ನೆ ಯಾರು ಎಲ್ಲಿ ಬಿಚ್ಚಿದ್ದಿರಿ ಮೊದಲು ಅದನ್ನು ಹೇಳ್ರಿ ಎಂದು. ಆದರೆ ಈ ಸಲ ಕೈ ಹಚ್ಚಿದವನು ನಾನು. ನಾನು ಮುಟ್ಟಿದ್ದು ಕೆಟ್ಟಿರಲು ಸಾಧ್ಯವೇ ಎಂದು ಆ ಒಂದು ಜಾಗ ಬಿಟ್ಟು ಮೋಟಾರನ್ನೆಲ್ಲ ಬಿಚ್ಚಿದ್ದೆ. ಬಗ್ಗಿ ರೇಡಿಯೇಟರಿನ ಕೆಳತುದಿ ಮುಟ್ಟಿದೆ. ಮೇಲೆ ಕೈ ಇಟ್ಟರೆ ಬೊಬ್ಬೆ ಬರುವಷ್ಟು ಬಿಸಿ, ಕೆಳಗೆ ಮಣ್ಣಿನ ಕೊಡದಷ್ಟು ತಣ್ಣಗೆ. ನೀರು ಇಳಿಯುತ್ತಲೇ ಇರಲಿಲ್ಲ. ಬೆಳಗಿನಿಂದ ಒಂದು ಸಲ ಅಲ್ಲಿ ಅಂಗೈ ಇಟ್ಟಿದ್ದರೆ ಸಾಕಾಗಿತ್ತು.

ಅವ್ವನಿಗೆ ಏನೂ ವಿವರಿಸಬೇಕಾಗಲಿಲ್ಲ. ಹೊಲಕ್ಕೆ ತಿಪ್ಪೆಗೊಬ್ಬರ ಚೆಲ್ಲಿ ಕಾಳಗಿಯ ಕಡೆ ತಿರುಗಿದ್ದ ಒಂದು ಬಂಡಿ ಆ ದಾರಿಗೆ ಬಂತು. ಅವಳೇ ಕೈಯೆತ್ತಿ ನಿಲ್ಲಿಸಿದಳು.

"ಯವ್ವಾ, ಗೊಬ್ಬರದ ಬಂಡಿ ಅದ. ನಿಮ್ಮಂಥವರು ಹ್ಯಾಂಗ ಕೂಡ್ತೀರಿ?" ಅಂದ ಬಂಡಿಯವನು.

"ಎತ್ತು ನಡೀತಾವಲ್ಲಪ್ಪ," ಅಂದಳು ಅವ್ವ.

ದಿನಕ್ಕೆರಡು ಸಲ ಮೈ ತೊಳೆದುಕೊಂಡು ಲಿಂಗಪೂಜೆ ಮಾಡುವವಳು ಆ ಬಂಡಿಯಲ್ಲಿ ಗೊಬ್ಬರದ ಮೇಲೆ ಕಾಲು ಮಡಚಿ ಕೂತಳು. ನಾನೂ ಬರುತ್ತೇನೆ ಎಂದೆ. "ನೀ ಮೋಟಾರು ನೋಡ್ಕೋ," ಅಂದಳು. ಸಿಟ್ಟಿನಿಂದ ಅಂದಿದ್ದರೆ ಬೇಕಾಗಿತ್ತು. ಸಿಟ್ಟಿರಲಿಲ್ಲ. ಬರಿದಾದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಎತ್ತುಗಳ ಕಡೆ ಮಾರಿ ಮಾಡಿ ಕೂತಿದ್ದಳು, ನಾನು ಕಾಣುವಷ್ಟು ದೂರ ನೋಡಿದೆ, ತಿರುಗಲಿಲ್ಲ.

ಮುಂದಿನದು ಒಬ್ಬನೇ ಮಾಡಿದ ಕೆಲಸ. ಕೆಳಗಿನ ನಲ್ಲಿ ಬಿಚ್ಚಿದರೆ ಮೊದಲು ಏನೂ ಬರಲಿಲ್ಲ, ತಂತಿ ಹಾಕಿ ಕೆದಕಿದ ಮೇಲೆ ಸುಟ್ಟ ಅಂಬಲಿ ನೂಲಿನ ಹಾಗೆ ಇಳಿಯಿತು. ಗುಂಡಗುರ್ತಿಗೆ ನಡೆದು ಹೋಗಿ, ಡಬ್ಬಿಯಲ್ಲಿ ನೀರು ಹೊತ್ತು ತಂದು ಸುರಿದೆ. ಮತ್ತೆ ಹೋದೆ, ಮತ್ತೆ ತಂದೆ. ಭಾವಿಯ ಹತ್ತಿರ ಹೆಣ್ಣುಮಕ್ಕಳು, "ಮೋಟಾರಿಗಿ ಬಾಣಂತಿ ಸ್ನಾನ ಹಾಕ್ಸಾಕತ್ತೀರೇನ್ರಿ?" ಎಂದು ಚೇಷ್ಟೆ ಮಾಡಿದರು. ಹೊತ್ತು ಮುಳುಗುವವರೆಗೆ ತೊಳೆದೆ. ಹಿಟ್ಟು ಹೋದ ಮೇಲೆ ಬೆಸುಗೆ ಬಿಟ್ಟ ಜಾಗ ಮೊದಲಿನ ಹಾಗೆ ಸೋರತೊಡಗಿತು. ಅದಕ್ಕೆ ಅರಿವೆಯ ಚೂರು, ಸಾಬೂನು ಹಚ್ಚಿ ಬಿಗಿದು ಕಟ್ಟಿದೆ. ಹಿಂದಿನ ದಿನವೇ ಅಷ್ಟು ಮಾಡಿದ್ದರೆ ಸಾಕಾಗಿತ್ತು.

ಬೆಳಕು ಹರಿಯುತ್ತಲೇ ಹ್ಯಾಂಡಲ್ ತಿರುವಿದೆ. ಮೋಟಾರು ಎಷ್ಟು ಚೆಂದ ಓಡಿತೆಂದರೆ ನನಗೆ ಅಳು ಬಂತು. ಕಾಳಗಿ ದಾಟಿತು, ಏರು ಏರಿತು, ಒಂದು ಸ್ವಲ್ಪವೂ ಬಿಸಿಯಾಗಲಿಲ್ಲ. ಕೊಡ್ಲಿ ಹತ್ತಿರ ಬಂದಾಗ ಸಪ್ಪಳ ಕೇಳಿದ ಹುಡುಗರು ಕೇಕೆ ಹಾಕುತ್ತ ಎದುರಿಗೆ ಓಡಿ ಬಂದರು. ಸಾವಿನ ಮನೆಯ ಓಣಿಗೆ ಆ ಮೆರವಣಿಗೆ ತೆಗೆದುಕೊಂಡು ಹೋಗಲು ನನಗೆ ಧೈರ್ಯವಾಗಲಿಲ್ಲ. ಊರ ಹೊರಗೆ ಮೋಟಾರು ಬಂದ್ ಮಾಡಿ, ನಡೆದು ಹೋದೆ.

ಮಾವ ಹಿಂದಿನ ದಿನ ಮಧ್ಯಾಹ್ನ ತೀರಿಕೊಂಡಿದ್ದ. ಅವ್ವ ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ, ಕಾಳಗಿಯಲ್ಲಿ ಇನ್ನೊಂದು ಬಂಡಿ ಹಿಡಿದು. ಮಗ ಹೋಗಿ, "ಅತ್ತಿ ಮೋಟಾರಿನ್ಯಾಗ ಹಿಂದ ಬರಾಕತ್ತಾಳ," ಎಂದು ಹೇಳಿದ ಮೇಲೆ ಮಾವ ಮಾತು ನಿಲ್ಲಿಸಿ ಬಾಗಿಲ ಕಡೆ ಕಿವಿಯಿಟ್ಟನಂತೆ. ಹೊರಗೆ ಗಿರಣಿ ಸಪ್ಪಳವಾದರೂ ಕಣ್ಣು ತೆರೆಯುತ್ತಿದ್ದನಂತೆ. ಇದನ್ನು ನನಗೆ ಹೇಳಿದವಳು ಮಾವನ ಹೆಂಡತಿ. ನಡೆದದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು.

ಮಣ್ಣಿಗೆ ಇಡುವುದನ್ನು ಬೆಳಗಿನ ತನಕ ತಡೆದಿದ್ದರು. ಹೊಲದ ಬದುವಿನ ಹತ್ತಿರ ಕುಣಿ ತೋಡಿತ್ತು. ಮೈತುಂಬ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಕೊಟ್ಟು, ಮಾವನನ್ನು ಅದರಲ್ಲಿ ಕೂಡಿಸಿದ್ದರು. ಪತ್ರಿ ಹಾಕುವವರು ಹಾಕುತ್ತಿದ್ದರು. ನಾನು ಹಿಂದೆ ನಿಂತೆ. ಎಣ್ಣೆ, ಮಸಿ, ಒಣಗಿದ ಹಿಟ್ಟು ಅಂಗಿಯ ಮೇಲೆ ಹಾಗೇ ಇತ್ತು. ಮಾವನ ದಾಯಾದಿ ತಮ್ಮನೊಬ್ಬ, ಖಡಕ್ ಮನುಷ್ಯ, ಎಲ್ಲರಿಗೂ ಕೇಳುವಂತೆ ಅಂದ:

"ಬಸ್ಸು ಬಂತು, ಮಗ ಬಂದ. ತಂಗಿ ಯಾಕ ಬರಲಿಲ್ಲ? ಅದೇ ಬಸ್ಸಿಗಿ ಬಂದಿದ್ರ ಮಾತಾಡತಿದ್ದ. ಇಂಥ ಹೊತ್ತಿನ್ಯಾಗ ಶೋಕಿ ಮೋಟಾರು ಬೇಕಿತ್ತೇನು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಇಂದಿಗೂ ತಿಳಿಯದು.

"ಬಸ್ಸಿನ್ಯಾಗ ಒಂದೇ ಜಾಗ ಇತ್ತಪ್ಪ," ಅಂದಳು ಅವ್ವ. ಕುಣಿಯ ಅಂಚಿನಲ್ಲಿ ಕೂತಿದ್ದವಳು, ತಲೆಯೆತ್ತಲಿಲ್ಲ. "ಮಗ ಮೊದಲ ಹೋಗಲಿ ಅಂತ ನಾನೇ ಇಂವನ್ನ ಕಳಿಸಿದೆ. ನನ್ನ ಮಗ ಭಾಳ ಹೇಳಿದ, ನೀ ಹೋಗವ್ವ ಅಂತ. ನಾನೇ ಕೇಳಲಿಲ್ಲ."

ನಾನು ಹುಟ್ಟಿದಾಗಿನಿಂದ ಅವ್ವ ಒಂದು ಸುಳ್ಳಾಡಿದ್ದನ್ನು ಕೇಳಿರಲಿಲ್ಲ. ಮೊದಲನೆಯದನ್ನು ಅವಳು ಅಣ್ಣನ ಕುಣಿಯ ಮುಂದೆ ಕೂತು ಆಡಿದಳು.

ಆ ಮನುಷ್ಯ ಬಿಡಲಿಲ್ಲ. ಮಾವನ ಮಗನ ಕಡೆ ತಿರುಗಿ, "ಹೌದೇನೋ?" ಅಂದ.

ಹುಡುಗ ನನ್ನನ್ನು ನೋಡಲಿಲ್ಲ. ಅಪ್ಪನ ಮಾರಿ ನೋಡುತ್ತಿದ್ದ. "ಹೌದು ಕಾಕಾ," ಅಂದ. "ಒಂದೇ ಜಾಗ ಇತ್ತು."

ಆಮೇಲೆ ಮಣ್ಣು ಕೊಟ್ಟರು. ನನ್ನ ಸರದಿ ಬಂದಾಗ ನಾನೂ ಒಂದು ಹಿಡಿ ಕೊಟ್ಟೆ.

ಆಗಲೇ ಹೇಳಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ನಾನು ನಿಜ ಹೇಳಿದರೆ ಅವ್ವ ಸುಳ್ಳಾಡಿದಳೆಂದಾಗುತ್ತದೆ, ಆ ಹುಡುಗ ಅಪ್ಪನ ಹೆಣದ ಮುಂದೆ ಸುಳ್ಳಾಡಿದನೆಂದಾಗುತ್ತದೆ. ಹೀಗೆ ವಿಚಾರ ಮಾಡಿ ಸುಮ್ಮನಾದೆ. ಸುಮ್ಮನಿರಲು ನನಗೆ ಸಿಕ್ಕ ನೆಪ ಅದು ಎಂಬುದೂ ನನಗೆ ಗೊತ್ತಿತ್ತು.

ದಿನಕರ್ಮ ಮುಗಿದ ಮೇಲೆ ಅವ್ವ ವಾಡಿಗೆ ತಿರುಗಿ ಬಂದದ್ದು ನನ್ನ ಮೋಟಾರಿನಲ್ಲೇ. ಬಸ್ಸಿಗೆ ಹೋಗವ್ವ ಎಂದು ನಾನೇ ಹೇಳಿದೆ, ಈ ಸಲ ನಿಜವಾಗಿ ಹೇಳಿದೆ. "ಊರ ಮಂದಿ ಏನಂತಾರ?" ಎಂದು ಮುಂದೆ ಬಂದು ಕೂತಳು. ಇಡೀ ಕೊಡ್ಲಿ ನೋಡುವಂತೆ ಅದರಲ್ಲಿ ಕೂತು ಊರು ದಾಟಿದಳು. ವಾಡಿಯಲ್ಲಿ ಇಳಿದವಳು ಮತ್ತೆ ಯಾವತ್ತೂ ಯಾರ ಮೋಟಾರನ್ನೂ ಏರಲಿಲ್ಲ. ಶಹಾಬಾದದ ಸಂತೆಗೂ ನಡೆದೇ ಹೋಗುತ್ತಿದ್ದಳು. ನನ್ನ ಹೆಂಡತಿ ಆ ಹಿಟ್ಟಿನ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆ ವರ್ಷವೂ ರಾಶಿ ಮುಗಿದ ಮೇಲೆ ಕೊಡ್ಲಿಯ ಬಂಡಿ ಬಂತು. ಮಾವನ ಮಗ ಕಳಿಸಿದ್ದ. ನಾನು ಅದನ್ನು ತಿರುಗಿಸಿ ಕಳಿಸಬೇಕೆಂದಿದ್ದೆ, ದುಡಿಯುವ ಗಂಡಸು ನಾನು ಎಂದು. ಅವ್ವ ಹೊರಗೆ ಬಂದು ಚೀಲಕ್ಕೆ ಕೈ ಹಚ್ಚಿದಳು. ಇಳಿಸಿಕೊಂಡೆ. ಆ ಹುಡುಗನ ಜೊತೆ ಆ ದಿನದ ಮಾತಾಡಬೇಕೆಂದು ಎರಡು ಸಲ ಕೊಡ್ಲಿಗೆ ಹೋಗಿ, ಬೆಳೆಯ ಮಾತು, ಮಳೆಯ ಮಾತು ಆಡಿ ಬಂದಿದ್ದೇನೆ.

ಉಸ್ತಾದರು ಮಾತ್ರ ಒಂದು ದಿನ ಚಿತ್ತಾಪುರದ ಬಸ್ ಅಡ್ಡೆಯಲ್ಲಿ ಎದುರಿಗೆ ಸಿಕ್ಕರು. "ಅಮ್ಮಾ ಮುಟ್ಟಿದ್ರೇನು ಆ ದಿನ?" ಎಂದು ಕೇಳಿದರು. ಮುಟ್ಟಿದಳು ಎಂದೆ. "ಅಣ್ಣ ಮಾತಾಡಿದ್ನೇನು?" ಎಂದರು. ಎಲ್ಲರ ಮುಂದೆ ಆಡಬೇಕಾಗಿದ್ದ ಮಾತನ್ನು ಅವರೊಬ್ಬರಿಗೆ ಆಡಿದೆ: "ಇಲ್ಲ. ನಾ ನಿಮ್ಮ ಬಸ್ಸಿಗಿ ಬಿಡಲಿಲ್ಲ, ಅದಕ್ಕ." ಅವರು ತಲೆ ಅಲ್ಲಾಡಿಸಿದರು, ಹೆಗಲ ಮೇಲೆ ಕೈಯಿಟ್ಟರು. ನಾನು ಆ ಕೈಯನ್ನು ಸರಿಸಲಿಲ್ಲ.

ಮೋಟಾರನ್ನು ಸೇಡಮಿನವರೊಬ್ಬರು ತೆಗೆದುಕೊಂಡು ಹೋದರು. ಅವ್ವ ಹೋದ ವರ್ಷ ತೀರಿಕೊಂಡಳು. ಬಾಯಿಗೆ ನೀರು ಬಿಡುವಾಗ ನಾನು ಹತ್ತಿರವೇ ಇದ್ದೆ.

ಈಗ ನನಗಿರುವುದು ಇಷ್ಟು. ವಾಡಿಯಲ್ಲಿ ಶಹಾಬಾದ ಕಲ್ಲು ಹೊದಿಸಿದ ಎರಡು ಖೋಲಿಯ ಮನೆ. ಸ್ಟೇಷನ್ನಿನ ಹಿಂದೆ ಒಂದು ಶೆಡ್ಡು, ಅದರಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಎರಡು ಪೆಟ್ಟಿಗೆ ಪಾನಾ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಒಂದು ಆಕಳು. ಮಳೆಗಾಲದ ತನಕ ಆಗುವಷ್ಟು ಜೋಳ, ಎರಡು ಚೀಲ ನಾನು ಕೊಂಡದ್ದು, ಒಂದು ಚೀಲ ಕೊಡ್ಲಿಯದು.